ತಣ್ಣನೆಯ ನಳಿಗೆಯ ಒಂದು ಗುಂಡು

ಹೊಳೆಯ ಈ ದಡದಲ್ಲಿ ಚೆನ್ನಾಚಾರಿಯ ಕುಲುಮೆ. ಆ ದಡದಲ್ಲಿ ಕಾಡು. ಕಾಡಿನ ಅಂಚಿಗೆ ಒಂದು ಹಾಡಿ, ಕಾಡುಜನರ ಹತ್ತಾರು ಗುಡಿಸಲು.

ಆ ವರ್ಷ ಒಂದು ಹುಲಿ ಹಾಡಿಯ ನಾಲ್ಕು ಜನರನ್ನು ತಿಂದಿತು. ನಾಲ್ಕನೆಯವಳು ಗೆಣಸು ಅಗೆಯಲು ಹೋದ ಹೆಂಗಸು. ಅವಳ ಮಗಳು ಕೇತಿ ಎರಡು ವರ್ಷದಿಂದ ಚೆನ್ನಾಚಾರಿಯ ಹತ್ತಿರ ಕೋವಿ ರಿಪೇರಿ ಕಲಿಯುತ್ತಿದ್ದಳು.

ಹಾಡಿಯವರ ಕೈಯಲ್ಲಿ ಕೋವಿ ಇರಲಿಲ್ಲ. ಅವರ ಕೈಗೆ ಕೋವಿ ಕೊಡಬಾರದು ಎಂದವರ ಮನೆಯಲ್ಲಿ ಹುಲಿ ಯಾರನ್ನೂ ತಿಂದಿರಲಿಲ್ಲ.

ಸುತ್ತಲಿಗೆಲ್ಲ ದೂರ ಹೊಡೆಯುವ ರೈಫಲ್ ಒಂದೇ. ಅದು ಪಟೇಲನದು. ಅದನ್ನು ಆಳಿನ ಹೆಗಲಿಗೆ ಹೊರಿಸಿಕೊಂಡು ಅವನು ಕುಲುಮೆಗೆ ಬಂದ.

“ಇದು ನೆಟ್ಟಗೆ ಹೊಡೆಯಲ್ಲ ಆಚಾರಿ. ಸರಿಮಾಡು. ಹುಲಿಯನ್ನ ನಾನೇ ಹೊಡೀತೀನಿ.”

“ಹುಲಿ ಸಂಜೆ ಎಲ್ಲಿ ಮಲಗುತ್ತೆ?” ಎಂದು ಚೆನ್ನಾಚಾರಿ ಕೇಳಿದ.

ಕೇತಿ ಹೇಳಿದಳು: “ಹೊಳೆಯಾಚೆ ಹಾಸುಬಂಡೆ ಮೇಲೆ, ಅಜ್ಜ. ಈ ದಡದಿಂದ ಇನ್ನೂರು ಗಜ. ಹೊಳೆ ದಾಟಿದ್ರೆ ವಾಸನೆ ಹಿಡಿದು ಹೋಗಿಬಿಡುತ್ತೆ.”

“ಹಾಗಾದರೆ ಒಂದೇ ಗುಂಡು” ಎಂದ ಚೆನ್ನಾಚಾರಿ. “ನನ್ನ ಕಣ್ಣು ಮಂಜಾಗಿದೆ ಪಟೇಲರೇ. ನಿಮ್ಮ ಕೈ ನಡುಗುತ್ತೆ. ಕೇತಿ ಹೊಡೀತಾಳೆ.”

ಪಟೇಲ ನಕ್ಕ. “ಗೆಣಸು ಅಗೆಯೋ ಕೈಗೆ ರೈಫಲ್ಲಾ?”

“ನಾಳೆ ನೀವು ಮೂರು ಗುಂಡು ಹೊಡೀರಿ, ಅವಳೂ ಮೂರು ಹೊಡೀಲಿ. ಊರವರೆಲ್ಲ ನೋಡಲಿ.”

ಮಾರನೆಯ ದಿನ ಪಟೇಲನಿಗೆ ಜ್ವರ ಬಂತು.

ಚೆನ್ನಾಚಾರಿ ರೈಫಲ್ಲಿನ ತಿರುಪು ಬಿಚ್ಚಿ, ನಳಿಗೆಯನ್ನು ಅದು ಕೂತಿದ್ದ ಮರದ ಹಿಡಿಯಿಂದ ಎತ್ತಿದ. ದೀಪದ ಕಾಡಿಗೆಗೆ ಎಣ್ಣೆ ಕಲಸಿ ನಳಿಗೆಯ ಕೆಳಮೈಗೆ ತೆಳ್ಳಗೆ ಹಚ್ಚಿದ. ಮತ್ತೆ ಮರದಲ್ಲಿ ಕೂರಿಸಿದ. ಮತ್ತೆ ಎತ್ತಿದ.

“ಏನು ಕಾಣುತ್ತೆ?”

“ಮರದ ಒಳಗೆ ಎಡಮಗ್ಗುಲಲ್ಲಿ ಕಪ್ಪು ಮಚ್ಚೆ.”

“ಮಳೆಗಾಲದಲ್ಲಿ ಮರ ಉಬ್ಬಿದೆ. ಅಲ್ಲಿ ನಳಿಗೆಯನ್ನ ಒತ್ತುತ್ತೆ. ಗುಂಡು ಹಾರುವಾಗ ನಳಿಗೆ ನಡುಗಬೇಕು. ನಡುಗೋಕೆ ಬಿಡದಿದ್ರೆ ದಿನಕ್ಕೊಂದು ಕಡೆ ಹೊಡೆಯುತ್ತೆ.”

“ಕೆರೆದುಬಿಡಲಾ?”

“ಮಚ್ಚೆಯಷ್ಟೇ ಕೆರಿ. ಸಿಟ್ಟಿನಷ್ಟು ಕೆರೀಬೇಡ.”

ಅವಳು ಕೆರೆದಳು. ಕಾಡಿಗೆ ಹಚ್ಚಿದಳು, ಕೂರಿಸಿದಳು, ಎತ್ತಿದಳು, ಮತ್ತೆ ಕೆರೆದಳು. ಬೆಳಗ್ಗೆ ಕೂತವಳು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕೊನೆಗೆ ಮುದುಕ ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆದ. ಕಾಗದ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಈಗ ಉಸಿರಾಡುತ್ತೆ” ಎಂದ.

ಗುಡ್ಡದ ಹಿಂದೆ, ಹುಲಿಗೆ ಸದ್ದು ಮುಟ್ಟದ ಕಡೆ, ಇನ್ನೂರು ಗಜಕ್ಕೆ ಸುಣ್ಣ ಬಳಿದ ಹಲಗೆ ನೆಟ್ಟರು. ನಡುವೆ ಒಂದು ಕಪ್ಪು ಬೊಟ್ಟು. ಕೇತಿ ಮಲಗಿ, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆದಳು. ಗುಂಡು ಒಂದು ಗೇಣು ಎಡಕ್ಕೆ ಬಿತ್ತು.

ಅವಳು ಸುತ್ತಿಗೆ ತೆಗೆದುಕೊಂಡಳು. ನಳಿಗೆಯ ಮೇಲೆ ಗುರಿ ನೋಡುವ ಕಚ್ಚನ್ನು ಬಲಕ್ಕೆ ಬಡಿಯಲು ಹೋದಳು.

ಮುದುಕ ಅವಳ ಮಣಿಕಟ್ಟು ಹಿಡಿದ. “ಒಬ್ಬನ ಮಾತು ಕೇಳಿ ತೀರ್ಪು ಹೇಳ್ತೀಯಾ? ಪಟೇಲನ ಚಾವಡಿ ಅಲ್ಲ ಇದು.”

“ಎಡಕ್ಕೆ ಬಿದ್ದದ್ದು ಕಾಣ್ತಾ ಇದೆಯಲ್ಲ ಅಜ್ಜ!”

“ಕೋವಿ ಎಡಕ್ಕೆ ಹೊಡೀತೋ, ನೀನು ಎಡಕ್ಕೆ ಎಳೆದೆಯೋ? ಇನ್ನೆರಡು ಹೊಡಿ.”

ಹೊಡೆದಳು. ಒಂದು ಮೊದಲಿನ ತೂತಿನ ಪಕ್ಕದಲ್ಲೇ ಬಿತ್ತು. ಇನ್ನೊಂದು ಬಲಕ್ಕೆ, ದೂರ.

“ಮೂರನೆಯದಕ್ಕೆ ಕಣ್ಣು ಮುಚ್ಚಿದೆ” ಎಂದಳು ಕೇತಿ.

“ಅದನ್ನ ಬಿಡು. ಮತ್ತೆ ಮೂರು ಹೊಡಿ.”

ಮೂರೂ ಒಂದೇ ಕಡೆ ಬಿದ್ದಾಗ ಮಾತ್ರ ಅವನು ಸುತ್ತಿಗೆ ಕೊಟ್ಟ. ಅವಳು ಕಚ್ಚನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಮೂರು. ಮತ್ತೆ ಅರ್ಧ ಕೂದಲೆಳೆ. ಆಮೇಲೆ ಬಿದ್ದ ಮೂರು ತೂತುಗಳನ್ನೂ ಒಂದು ವೀಳ್ಯದೆಲೆ ಮುಚ್ಚುತ್ತಿತ್ತು. ಎಲೆಯ ನಡುವೆ ಕಪ್ಪು ಬೊಟ್ಟು.

“ಆಯಿತಲ್ಲ ಅಜ್ಜ! ಇವತ್ತೇ ಹೋಗೋಣ.”

ಮುದುಕ ಅವಳ ಕೈಯನ್ನು ನಳಿಗೆಯ ಮೇಲಿಟ್ಟ. ಸುಟ್ಟಿತು. ಅವಳು ಕೈ ಕಿತ್ತುಕೊಂಡಳು.

“ನೀನು ಬಿಸಿ ನಳಿಗೆಯನ್ನ ಸರಿಮಾಡಿದ್ದೀಯ. ಹುಲಿ ಏನು, ನಳಿಗೆ ಕಾಯೋ ತನಕ ಕೂತಿರುತ್ತಾ?”

ಅಂದಿನಿಂದ ದಿನಕ್ಕೆ ಒಂದೇ ಗುಂಡು. ಹುಲಿ ಬಂಡೆಗೆ ಬರುವ ಹೊತ್ತಿಗೇ, ಅದೇ ಹಲಗೆಗೇ. ಹೊಡೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಇಡಬೇಕು. ನಳಿಗೆಯೊಳಗೆ ಎಣ್ಣೆ ಹನಿಯೂ ಬೀಳಬಾರದು. ಬಿದ್ದರೆ ಮೊದಲ ಗುಂಡು ದಾರಿ ತಪ್ಪುತ್ತದೆ.

ಊರವರು ಬೇಲಿಯಾಚೆ ನಿಂತು ಆಡಿಕೊಂಡರು. “ಏನಾಚಾರಿ, ಹುಲಿಗೆ ಮುಹೂರ್ತ ನೋಡ್ತಾ ಇದ್ದೀಯಾ?”

“ಹುಲಿಗಲ್ಲ, ಗುಂಡಿಗೆ” ಎಂದ ಚೆನ್ನಾಚಾರಿ.

ಏಳು ದಿನಕ್ಕೆ ಏಳು ಗುಂಡು. ತಣ್ಣನೆಯ ನಳಿಗೆಯ ಗುಂಡು ಬೊಟ್ಟಿಗಿಂತ ಎರಡು ಬೆರಳು ಕೆಳಗೆ ಬೀಳುತ್ತಿತ್ತು. ಪ್ರತಿ ದಿನವೂ ಅಲ್ಲಿಗೇ. ಅವರು ಕಚ್ಚನ್ನು ಅದಕ್ಕೆ ತಕ್ಕಂತೆ ಎತ್ತರಿಸಿದರು. ಎಂಟನೆಯ ದಿನದ ಗುಂಡು ಬೊಟ್ಟನ್ನೇ ಹರಿಯಿತು. ಒಂಬತ್ತನೆಯದೂ ಹರಿಯಿತು.

ಮುದುಕ ಅಲ್ಲಿಗೆ ನಡೆದ. ಹಲಗೆಯ ಮುಂದೆ ಕೂತು, ತೂತನ್ನು ಬೆರಳಿಂದ ಸವರಿದ. ಐವತ್ತು ವರ್ಷ ಕಬ್ಬಿಣ ತಿದ್ದಿದ ಬೆರಳು ಅದು. ಯಾವ ದೊರೆಯ ಎದುರೂ ಬಾಗದ ಅವನ ತಲೆ ಆ ಹಲಗೆಯ ಎದುರು ಬಾಗಿದ್ದನ್ನು ಕೇತಿ ನೋಡಿದಳು.

ಹತ್ತನೆಯ ದಿನ ಹಾಡಿಯಿಂದ ಕೇತಿಯ ಸೋದರಮಾವ ಬೊಮ್ಮ ಹರಿಗೋಲಿನಲ್ಲಿ ಹೊಳೆ ದಾಟಿ ಬಂದ. “ನಿನ್ನೆ ಬಂಡೆ ಮೇಲಿತ್ತು. ಇವತ್ತೂ ಬರುತ್ತೆ.”

ಸಂಜೆಗೆ ದಡದ ಪೊದೆಯಲ್ಲಿ ನಾಲ್ವರು ಕೂತರು. ಕೇತಿ, ಚೆನ್ನಾಚಾರಿ, ಬೊಮ್ಮ. ಜ್ವರ ಬಿಟ್ಟಿದ್ದ ಪಟೇಲ.

ಹುಲಿ ಬಂತು. ಬಂಡೆಯ ಮೇಲೆ ಅಡ್ಡಲಾಗಿ ನಿಂತಿತು. ಕೇತಿ ಅದರ ಭುಜಕ್ಕೆ ಗುರಿ ಕೂಡಿಸಿದಳು. ಬೆರಳು ಕೋವಿಯ ಕುದುರೆಯ ಮೇಲೆ ಕೂತಿತು.

ಕೇತಿ ಬೆರಳು ತೆಗೆದಳು.

“ಅಜ್ಜ” ಎಂದಳು ಪಿಸುದನಿಯಲ್ಲಿ, “ಬೆಳಗ್ಗೆ ಕೋವಿಗೆ ಪೂಜೆ ಮಾಡಿದೆ. ಅವ್ವನ ಹೆಸರು ಹೇಳಿ ಕುಂಕುಮ ಇಟ್ಟೆ. ಆಯುಧಪೂಜೆಯಲ್ಲಿ ಮಾಡೋ ಹಾಗೆ ನಳಿಗೆ ಒಳಕ್ಕೂ ಎಣ್ಣೆ ಎಳೆದೆ.”

ಮುದುಕ ಅವಳನ್ನು ನೋಡಿದ.

“ಇಳಿಸು” ಎಂದ.

“ಹೊಡಿಯೇ!” ಪಟೇಲ ಹಲ್ಲು ಕಚ್ಚಿದ. “ಎಣ್ಣೆಯಂತೆ! ಹೊಡಿ, ಇಲ್ಲ ಇಲ್ಲಿ ಕೊಡು!”

ಚೆನ್ನಾಚಾರಿ ರೈಫಲ್ಲಿನ ಮೇಲೆ ಕೈಯಿಟ್ಟ. ಆ ಕೈಯನ್ನು ಸರಿಸುವ ಧೈರ್ಯ ಪಟೇಲನಿಗೆ ಬರಲಿಲ್ಲ.

ಹುಲಿ ಕೂತು ಮೈ ನೆಕ್ಕಿಕೊಂಡಿತು. ಎದ್ದಿತು. ಕಾಡಿಗೆ ಹೋಯಿತು.

ಬೊಮ್ಮನ ಕಣ್ಣಲ್ಲಿ ನೀರು. “ನಿಮ್ಮವ್ವನ್ನ ತಿಂದದ್ದು ಅದೇ ಕಣೇ. ಎದುರಿಗೇ ನಿಂತಿತ್ತು. ಬಿಟ್ಟುಬಿಟ್ಟೆಯಲ್ಲೇ!”

“ಎಲ್ಲರೂ ಬನ್ನಿ” ಎಂದ ಚೆನ್ನಾಚಾರಿ. ಬೆಳಕಿರುವಾಗಲೇ ಗುಡ್ಡದ ಹಿಂದಕ್ಕೆ ಕರೆದುಕೊಂಡು ಹೋದ. “ಕೇತವ್ವ, ಹುಲಿಗೆ ಇಟ್ಟಿದ್ದ ಗುಂಡನ್ನ ಹಲಗೆಗೆ ಹೊಡಿ.”

ಅವಳು ಹೊಡೆದಳು. ಅವಳ ಉಸಿರು ಅಲುಗಲಿಲ್ಲ, ಬೆರಳು ಅದುರಲಿಲ್ಲ.

ಗುಂಡು ಬೊಟ್ಟಿಗಿಂತ ಒಂದೂವರೆ ಗೇಣು ಬಲಕ್ಕೆ ಬಿದ್ದಿತ್ತು.

ಚೆನ್ನಾಚಾರಿ ಹಲಗೆಯ ಮೇಲೆ ಇದ್ದಿಲಿನಿಂದ ಹುಲಿಯ ಗೆರೆ ಎಳೆದ. ಬೊಟ್ಟು ಇದ್ದಲ್ಲಿ ಭುಜ. ಹೊಸ ತೂತು ಇದ್ದದ್ದು ಹೊಟ್ಟೆಯಲ್ಲಿ.

ಬೊಮ್ಮ ಹತ್ತಿರ ಬಂದು ಆ ತೂತಿಗೆ ಬೆರಳಿಟ್ಟ. ಹೊಟ್ಟೆಗೆ ಗುಂಡು ತಿಂದೂ ಸಾಯದ ಹುಲಿ ಯಾರ ಮೇಲೆ ಬೀಳುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಕೇತಿಯ ತಲೆ ಮುಟ್ಟಿದ.

“ಬಯ್ಯಿ ಅಜ್ಜ” ಎಂದಳು ಕೇತಿ. “ನೀನು ಬೇಡ ಅಂದಿದ್ದನ್ನ ಮಾಡಿದೆ.”

“ನಾನು ಐವತ್ತು ವರ್ಷದಲ್ಲಿ ಬೇಕಾದಷ್ಟು ಗುರಿಕಾರರನ್ನ ಕಂಡಿದ್ದೀನಿ” ಎಂದ ಮುದುಕ. “ಗುರಿ ಕೂಡಿದ ಮೇಲೆ ಬೆರಳು ತೆಗೆದವರನ್ನ ಕಂಡಿರಲಿಲ್ಲ. ನಡಿ, ನಳಿಗೆ ಒಣಗಿಸು.”

ಮೂರು ದಿನ ಹಾಡಿಯವರು ಸೌದೆಗೂ ಹೋಗದೆ ಒಳಗೇ ಕೂತರು. ಮೂರು ದಿನವೂ ಕೇತಿ ಒಣ ನಳಿಗೆಯಿಂದ ಒಂದೊಂದು ಗುಂಡು ಹಲಗೆಗೆ ಹೊಡೆದಳು. ಮೂರೂ ಬೊಟ್ಟಿನಲ್ಲೇ ಬಿದ್ದವು.

ನಾಲ್ಕನೆಯ ಸಂಜೆ ಹುಲಿ ಬಂಡೆಯ ಮೇಲೆ ಬಂತು.

ಒಂದೇ ಸದ್ದು.

ಹುಲಿ ನಿಂತಲ್ಲೇ ಕುಸಿಯಿತು. ಬಾಲ ಕೂಡ ಬಡಿಯಲಿಲ್ಲ.

ಹರಿಗೋಲಿನಲ್ಲಿ ಹೊಳೆ ದಾಟಿದರು. ಹಾಡಿಗೆ ಹಾಡಿಯೇ ಬಂದು ನಿಂತಿತು. ಒಬ್ಬರೂ ಕೇಕೆ ಹಾಕಲಿಲ್ಲ. ಪಟೇಲ ಮಾತ್ರ ಹುಲಿಯ ತಲೆಯ ಮೇಲೆ ಕಾಲಿಟ್ಟು ಮೀಸೆ ತಿರುವಿದ. “ನನ್ನ ಕೋವಿ!” ಎಂದ.

ಚೆನ್ನಾಚಾರಿ ಹುಲಿಯ ಬದಿಗೆ ಕೂತ. ಅದರ ಒಂದು ಮುಂಗಾಲು ಒಣಗಿ ಕಡ್ಡಿಯಾಗಿತ್ತು. ಮೊಣಕಾಲಿನ ಮೇಲೆ ಕೀವು ತುಂಬಿದ ಹಳೆಯ ಗಾಯ. ಇಂಥ ಕಾಲಿನಲ್ಲಿ ಜಿಂಕೆಯ ಹಿಂದೆ ಓಡಲು ಆಗುವುದಿಲ್ಲ. ಗೆಣಸು ಅಗೆಯುವ ಹೆಂಗಸು ಓಡುವುದಿಲ್ಲ.

ಅವನು ಸೊಂಟದ ಚೂರಿಯಿಂದ ಗಾಯ ಸೀಳಿದ. ಮೂಳೆಗೆ ಕಚ್ಚಿಕೊಂಡಿದ್ದ ಒಂದು ಸೀಸದ ಗುಂಡು ಹೊರಗೆ ಬಂತು. ಅದರ ಮೂತಿ ಜಜ್ಜಿಹೋಗಿತ್ತು, ತಳ ಹಾಗೆಯೇ ಉಳಿದಿತ್ತು.

ಕೇತಿ ಆಗತಾನೆ ಹೊಡೆದ ತೋಟೆಯ ಖಾಲಿ ಹಿತ್ತಾಳೆ ಕೊಳವೆಯನ್ನು ಅವನು ಕೈಚಾಚಿ ಕೇಳಿದ. ಅದರ ಬಾಯಿಗೆ ಹಳೆಯ ಗುಂಡಿನ ತಳ ಇಟ್ಟು ಒತ್ತಿದ.

ಅದು ಸರಿಯಾಗಿ ಕೂತಿತು.

ಆ ಅಳತೆಯ ಗುಂಡು ಹಾರಿಸುವ ಕೋವಿ ಸುತ್ತಲಿಗೆಲ್ಲ ಒಂದೇ. ಹಾಡಿಯವರೆಲ್ಲ ಪಟೇಲನನ್ನು ನೋಡಿದರು. ಅವನು ಹುಲಿಯ ತಲೆಯಿಂದ ಕಾಲು ತೆಗೆದ.

“ಹೋದ ಬೇಸಿಗೆ ನೆಂಟರು ಬಂದಿದ್ರು” ಎಂದ. “ತಮಾಷೆಗೆ ಒಂದು ಹುಲಿಗೆ ಗುಂಡು ಹೊಡೆದೆವು. ಅದು ತಪ್ಪಿಹೋಯಿತಲ್ಲ!”

ಕೇತಿ ಗುಂಡನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು.

“ಅಜ್ಜ, ಇದು ತಪ್ಪಿದ ಗುಂಡಾ?”

ಚೆನ್ನಾಚಾರಿ ಚೂರಿಯನ್ನು ಹೊಳೆಯ ನೀರಿನಲ್ಲಿ ತೊಳೆದ.

“ತಪ್ಪಿದ ಗುಂಡು ಅಂತ ಯಾವುದೂ ಇಲ್ಲ ಕಣವ್ವ. ಹೊಡೆದವನು ತಿರುಗಿ ನೋಡದೆ ಹೋಗಿರ್ತಾನೆ, ಅಷ್ಟೆ.”