ದೀಪ ಹಚ್ಚುವ ಮುಂಚಿನ ಹೆಪ್ಪು

"ಅಜ್ಜಾರ, ನಾ ಎಲ್ಲಿ ತಪ್ಪಿದೆ?" ಎಂದು ಅಡಿವೆಪ್ಪ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕೂತಿದ್ದರು. ಅಡಿವೆಪ್ಪನದು ಅಪ್ಪನ ಕಾಲದ ಖಾನಾವಳಿ. ಕೊರೊನಾ ಬಂದ ವಾರವೇ ಬಾಗಿಲು ಹಾಕಿದ್ದ. ಅಪ್ಪನ ಕಾಲದಿಂದ ಅಡುಗೆ ಮಾಡುತ್ತಿದ್ದ ಪಾರವ್ವ ಹೊಸ್ತಿಲಲ್ಲಿ ನಿಂತು, "ಮತ್ತ ಯಾವಾಗ ಬರಲಿ?" ಎಂದು ಕೇಳಿದ್ದಳು. ಹೇಳಿ ಕಳಿಸುತ್ತೇನೆ ಎಂದಿದ್ದ. ಹೇಳಿ ಕಳಿಸಲಿಲ್ಲ. ಸಾಲ ಮಾಡಲಿಲ್ಲ, ಕೂಡಿಟ್ಟದ್ದನ್ನು ಒಡೆಯಲಿಲ್ಲ. ರೋಗ ಹೋದ ಮೇಲೆ ಗೋಡೆಗೆ ಬಣ್ಣ ಹೊಡೆಸಿ, ಹೊಸ ಮೇಜು ಹಾಕಿಸಿ, ಕಡಿಮೆ ಪಗಾರಕ್ಕೆ ಬೇರೆ ಅಡುಗೆಯವನನ್ನು ಇಟ್ಟ. ಹಳೆಯ ಗಿರಾಕಿಗಳು ಬಂದರು, ಒಂದು ಸಲ ಉಂಡರು, ಮತ್ತೆ ಬರಲಿಲ್ಲ.

"ಲೆಕ್ಕದಾಗ ಒಂದು ತಪ್ಪೂ ಮಾಡಿಲ್ಲರೀ. ಆದ್ರ ಅಪ್ಪನ ಕಾಲದ ಆ ಗದ್ದಲ ಮತ್ತ ಬರವಲ್ದು. ಖಾನಾವಳಿ ಮಾರಿಬಿಡಲೇನು ಅಂತ ಕೇಳಾಕ ಬಂದೀನಿ."

ಗುರುಗಳು ನಕ್ಕರು. "ನಿಮ್ಮಪ್ಪನ ಖಾನಾವಳ್ಯಾಗ ನಾನೂ ಉಂಡಾಂವ. ಒಳಗ ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಉಂಡು ಬಂದಾಂವಗೂ ಹಸಿವಿ ಆಗತಿತ್ತು. ಕೂಡು, ಒಂದು ಕತಿ ಕೇಳು."

ಒಂದೂರಿನಲ್ಲಿ ಮೊಸರು ಮಾರುವ ಹೆಂಗಸೊಬ್ಬಳಿದ್ದಳು. ಅವಳ ಹೆಪ್ಪು ಅತ್ತೆಯಿಂದ ಬಂದದ್ದು. ಅತ್ತೆಗೆ ಅವಳ ಅತ್ತೆಯಿಂದ. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು. ಯಾರ ಮನೆಗೆ ಬೀಗರು ಬಂದರೂ ತಂಬಿಗೆ ಮೊದಲು ಅವಳ ಬಾಗಿಲಿಗೆ ಬರುತ್ತಿತ್ತು.

ಊರಿಗೆ ದೊಡ್ಡ ಬೇನೆ ಬಿತ್ತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮೊಸರು ಕೊಳ್ಳುವವರಿಲ್ಲ. ಅವಳು ಒಂದು ಎಮ್ಮೆ ಇಟ್ಟುಕೊಂಡು ಉಳಿದವನ್ನು ಮಾರಿದಳು. ಬಂದ ಹಣದಲ್ಲಿ ಮೊದಲು ಎಮ್ಮೆಗೆ ಮೇವು ಕೊಂಡಳು, ಆಮೇಲೆ ಮನೆಗೆ ಜೋಳ. ಮಿಕ್ಕದ್ದನ್ನು ಮುಟ್ಟಲಿಲ್ಲ. ಗಂಡ ಇದನ್ನೆಲ್ಲ ಮೆಚ್ಚಿದ. ಒಂದಕ್ಕೆ ಮಾತ್ರ ರೇಗುತ್ತಿದ್ದ. ಸಂಜೆಯಾದರೆ ಅಕ್ಕಪಕ್ಕದ ಗುಡಿಸಲಿನವರು ಬಟ್ಟಲು ಹಿಡಿದು ಹೆಪ್ಪು ಕೇಳಿಕೊಂಡು ಬರುವರು. ಇವಳು ಇಲ್ಲ ಎನ್ನುತ್ತಿರಲಿಲ್ಲ.

"ಅದು ಹೆಪ್ಪಲ್ಲ, ನಮ್ಮ ಅಂಗಡಿ. ಬಟ್ಟಲ ಬಟ್ಟಲ ಹಂಚಿದ್ರ ನಾಳೆ ನಿನ್ನ ಮೊಸರು ಯಾರು ಕೊಳ್ಳತಾರ? ಅದೂ ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು ಅನ್ನೂದು ಗೊತ್ತಿಲ್ಲೇನು?"

"ಗೊತ್ತೈತಿ. ಅದಕ್ಕ ಇನ್ನೂ ದೀಪ ಹಚ್ಚಿಲ್ಲ."

ಅಂದಿನಿಂದ ಆ ಗುಡಿಸಲಿನಲ್ಲಿ ಎಲ್ಲರ ಬಟ್ಟಲಿಗೂ ಹೆಪ್ಪು ಬಿದ್ದ ಮೇಲೆಯೇ ದೀಪ. ಗಂಡ ಕತ್ತಲಲ್ಲಿ ಚಪ್ಪಲಿ ತಡಕಾಡುತ್ತ ಬೈಯುತ್ತಿದ್ದ.

ಹೀಗಿರುವಾಗ ಅವಳಿಗೇ ಬೇನೆ ಹತ್ತಿತು. ಬೇನೆಯವಳು ಮುಟ್ಟಿದ್ದೆಂದು ಗಂಡ ಗಡಿಗೆಗಳನ್ನೆಲ್ಲ ಒಡೆದು ಹೂಳಿದ. ಅವಳು ಉಳಿದಳು. ಹೆಪ್ಪು ಉಳಿಯಲಿಲ್ಲ.

ಬೇನೆ ಇಳಿಯಿತು. ಊರು ಮತ್ತೆ ತುಂಬಿತು. ಇಟ್ಟ ಹಣದಲ್ಲಿ ಅವಳು ಇನ್ನೊಂದು ಎಮ್ಮೆ ತಂದಳು, ಹೊಸ ಗಡಿಗೆ ತಂದಳು. ಅಂದು ಸಂಜೆ ಹಾಲು ಕಾಸಿ ಇಳಿಸಿ ಅದರ ಮುಂದೆ ಸುಮ್ಮನೆ ಕೂತಳು. ಹಾಲಿತ್ತು, ಅತ್ತೆಯ ಹೆಪ್ಪಿರಲಿಲ್ಲ. ಆ ಮೊಸರಿಲ್ಲದೆ ಯಾವ ತಂಬಿಗೆ ತಾನೇ ತನ್ನ ಬಾಗಿಲಿಗೆ ಬಂದೀತು?

"ಓಣ್ಯಾಗ ಕೇಳಿ ನೋಡು," ಎಂದ ಗಂಡ. ಅವನ ದನಿಯಲ್ಲಿ ಹಿಂದಿನ ಬಿರುಸಿರಲಿಲ್ಲ.

"ಹೊತ್ತು ಮುಳುಗೇತಿ. ಎಲ್ಲಾರೂ ದೀಪ ಹಚ್ಚಿರತಾರ. ಈಗ ಯಾರು ಕೊಡತಾರ?"

ಎಂದಳೇ ಹೊರತು ಸುಮ್ಮನೆ ಕೂರಲಾಗಲಿಲ್ಲ. ಬಟ್ಟಲು ಹಿಡಿದು ಹೊರಗೆ ಬಂದಳು. ಓಣಿಯೆಲ್ಲ ಕತ್ತಲು. ಒಂದು ಮನೆಯಲ್ಲೂ ದೀಪವಿಲ್ಲ. ಮತ್ತೆ ಬೇನೆ ಬಂದು ಜನ ಊರು ಬಿಟ್ಟರೇನೋ ಎಂದುಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಕತ್ತಲೊಳಗಿಂದಲೇ ಕೂಗಿದಳು: "ಎಷ್ಟೊತ್ತು ಕಾಯಸ್ತೀಯವ್ವ! ಎಮ್ಮಿ ಬಂದದ್ದು ನೋಡೇವಿ, ನಿನ್ನ ಗಡಿಗಿ ಒಡೆದದ್ದೂ ಗೊತ್ತೈತಿ. ನೀ ಬರೂತನಕ ದೀಪ ಹಚ್ಚಬ್ಯಾಡ್ರಿ ಅಂತ ಓಣಿಗೆಲ್ಲ ಹೇಳೀನಿ, ಹುಡುಗ್ರು ಕತ್ತಲದಾಗ ಕುಂತಾವ. ಹಿಡಿ, ನಿಮ್ಮತ್ತಿ ಹೆಪ್ಪು."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಕೇಳಿದ. "ಹಂಗಾರ ನಾ ರೊಕ್ಕ ಕೂಡಿಟ್ಟದ್ದು ತಪ್ಪಾತೇನ್ರಿ?"

"ಇಲ್ಲಪಾ. ಆಕಿನೂ ಕೂಡಿಟ್ಟಿದ್ದಳು. ಅದರಿಂದ ಎಮ್ಮಿ ಬಂತು, ಗಡಿಗಿ ಬಂತು."

ಗುರುಗಳು ಎದ್ದು ವಸ್ತ್ರ ಕೊಡವಿಕೊಂಡರು.

"ನಿಮ್ಮಪ್ಪನ ಹೆಪ್ಪು ಈಗ ಯಾರ ಮನ್ಯಾಗ ಐತಿ, ಅಡಿವೆಪ್ಪ?"

ಅಡಿವೆಪ್ಪ ಚಪ್ಪಲಿ ಮೆಟ್ಟಿಕೊಂಡು ಪಾರವ್ವನ ಮನೆಯ ದಾರಿ ಹಿಡಿದ.