ಹಲಗೆ ಮೇಲಿನ ಚೀಸು

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ ಕಣೇ ಪಂಕಜಾ, ತಿನ್ನೋ ಅನ್ನದ ಮೇಲಾಣೆ. ಬೀಗರು ನನ್ನನ್ನ ಸಿಟೀಲಿರೋ ಆ ದೊಡ್ಡ ಸ್ಪೇನ್ ಹೋಟ್ಲಿಗೆ ಕರ್ಕೊಂಡು ಹೋಗಿದ್ರಲ್ಲ, ತಪಾಸ್ ಅಂತ ಮರದ ಹಲಗೆ ಮೇಲೆ ಚೂರುಚೂರೇ ತಿಂಡಿ ತಂದಿಡೋ ಜಾಗ, ಅಲ್ಲಿ ನಮ್ಮ ಮೇಜಿನ ಕೆಳಗೆ ಒಂದು ಹೆಗ್ಗಣ, ಒಂದು ಚಿಟ್ಟಿಲಿ ಕೂತಿದ್ವು. ಚಿಟ್ಟಿಲಿ ಹಸಿವಿಂದ ಮೇಜಿನ ಕಾಲು ಕಡೀತಿತ್ತು.

"ಮೇಲೆ ಹೋಗಿ ಒಂದು ಚೂರು ತರ್ಲಾ ಅಣ್ಣಾ?" ಅಂತು.

"ಮರದ ಹಲಗೆ, ನಡುವೆ ಒಂದೇ ಒಂದು ಚೂರು ಚೀಸು, ಅದಕ್ಕೊಂದು ಕಡ್ಡಿ. ಅದು ಬೋನು ತಮ್ಮಾ," ಅಂತು ಹೆಗ್ಗಣ. "ನಮ್ಮಪ್ಪ ಹೋಗಿದ್ದೇ ಇಂಥದ್ರಲ್ಲಿ."

"ಮನುಷ್ಯರು ತಿಂದ್ರಲ್ಲ, ಏನೂ ಆಗ್ಲಿಲ್ಲ."

"ಅವರು ಸಿಕ್ಕಿಬೀಳ್ಲಿಲ್ಲ ಅಂತಾನೇ ಇನ್ನೊಂದು ಹಲಗೆ ತಂದಿಟ್ರು, ನೋಡು."

ನಿಜಕ್ಕೂ ಹಲಗೆ ಮೇಲೆ ಹಲಗೆ ಬರ್ತಾನೇ ಇತ್ತು. ಕೊನೇದ್ರಲ್ಲಿದ್ದ ಚೂರು ಹಾಗೇ ಉಳೀತು. ನಾನು "ನೀವು ತಗೊಳ್ಳಿ ಬೀಗರೇ" ಅಂದೆ. ಅವರು "ಛೆ ಛೆ, ನೀವು ತಗೊಳ್ಳಿ" ಅಂತ ನನ್ನ ಕಡೆ ತಳ್ಳಿದ್ರು.

"ಕೇಳಿಸ್ತಾ? ಸಾವನ್ನ ಒಬ್ಬರ ಮೇಲೊಬ್ಬರು ತಳ್ತಿದಾರೆ," ಅಂತು ಹೆಗ್ಗಣ.

ನಾವಿಬ್ರೂ ಅದನ್ನ ಮುಟ್ಟದೆ ಎದ್ವಿ. "ಹಸಿವಿಂದ ಸಾಯೋದೂ ಸಾವೇ ಅಣ್ಣಾ," ಅಂತ ಚಿಟ್ಟಿಲಿ ಮೇಜು ಹತ್ತಿ, ಚೂರು ತಿಂದು, ಮೀಸೆ ಒರೆಸ್ಕೊಂಡು ಕೆಳಗಿಳೀತು. ನಾನು ಬಾಗಿಲಲ್ಲಿ ತಿರುಗಿ ನೋಡಿದಾಗ್ಲೂ ಹೆಗ್ಗಣ ಖಾಲಿ ಹೊಟ್ಟೇಲಿ, "ಇರು, ಇನ್ನೇನು ಟಪ್ ಅನ್ನುತ್ತೆ," ಅಂತ ಕಾಯ್ತಾ ಕೂತಿತ್ತು.

"ಇಲಿ ಮಾತಾಡಿದ್ದು ಬೇಕಾದ್ರೆ ನಂಬ್ತೀನಿ ಕಣ್ರೀ," ಅಂದ್ಲು ಪಂಕಜಾ, ಸೊಪ್ಪು ಬಿಡಿಸ್ತಾ. "ನೀವು ಕೊನೇ ಚೂರು ಮುಟ್ಟದೆ ಎದ್ರಾ? ನಿಮ್ಮ ತಟ್ಟೇಲಿ ಕರಿಬೇವಿನ ಎಲೆ ಉಳಿದಿದ್ದೂ ನಾನು ಕಂಡಿಲ್ಲ."