ಬಿಲ್ಲೆಯಿಲ್ಲದ ದೊರೆ

೨೦೦೮ನೆಯ ಇಸವಿ ನವೆಂಬರ್ ಮೂವತ್ತು, ಭಾನುವಾರ. ಬೆಳಿಗ್ಗೆ ಚಳಿ ಇತ್ತು. ಬಿಸಿಲು ತಡವಾಗಿ ಬಂತು.

ಈರಣಗೌಡ ಅದೇ ವರ್ಷ ಶಾಸಕನಾಗಿ ಆರಿಸಿ ಬಂದಿದ್ದ. ಚಿಕ್ಕಂದಿನಲ್ಲಿ ಊರಿನ ಮಠದಲ್ಲೇ ಓದಿದವನು. ಆ ದಿನ ಮಠಕ್ಕೆ ಬಂದು, ಗುರುಗಳಿಗೆ ನಮಸ್ಕಾರ ಮಾಡಿ ಎದುರಿಗೆ ಕುಳಿತು ಕೇಳಿದ:

“ಅಜ್ಜಾರೆ, ನಾಳೆ ಏಡ್ಸ್ ದಿನ. ನಮ್ಮ ತಾಲ್ಲೂಕಿನಲ್ಲಿ ಪರೀಕ್ಷೆ ಪುಕ್ಕಟೆ, ಔಷಧವೂ ಪುಕ್ಕಟೆ. ಆದರೂ ಜನ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಮನೆಯಲ್ಲೇ ಮಲಗಿ ಸಾಯುತ್ತಿದ್ದಾರೆ. ಅದಕ್ಕೆ ನಾಳೆ ವೇದಿಕೆಯ ಮೇಲೆ ನಾನೇ ಮೊದಲು ರಕ್ತ ಕೊಡುತ್ತೇನೆ. ರೋಗವಿಲ್ಲ ಎಂಬ ಚೀಟಿಯನ್ನು ಎಲ್ಲರಿಗೂ ಎತ್ತಿ ತೋರಿಸುತ್ತೇನೆ. ಮುಂದಾಳು ಹೀಗೆ ಮಾಡಿದರೆ ಜನ ಬರುತ್ತಾರೆ, ಅಲ್ಲವೇ?”

“ನಾಳೆಯ ಚೀಟಿಯಲ್ಲಿ ಏನಿರುತ್ತದೆ ಎಂದು ಇವತ್ತೇ ಗೊತ್ತೇನಪ್ಪಾ?”

ಗೌಡ ತಲೆ ಕೆರೆದುಕೊಂಡ. “ಹೋದ ವಾರ ಬೇರೆ ಊರಿಗೆ ಹೋಗಿ ಗುಟ್ಟಾಗಿ ಮಾಡಿಸಿ ನೋಡಿಕೊಂಡಿದ್ದೇನೆ, ಅಜ್ಜಾರೆ.”

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯವಿತ್ತು. ಅಲ್ಲಿ ಪ್ರತಿ ವರ್ಷ ವರ್ತಕರ ಸೇರುಗಳನ್ನೂ ತೂಕದ ಕಲ್ಲುಗಳನ್ನೂ ಪರೀಕ್ಷಿಸಿ, ಸರಿಯಾಗಿದ್ದವಕ್ಕೆ ದೊರೆಯ ಮುದ್ರೆ ಒತ್ತುತ್ತಿದ್ದರು. ಮುದ್ರೆಯಿಲ್ಲದ ಸೇರಿನಲ್ಲಿ ಯಾರೂ ಕಾಳು ಅಳೆಸಿಕೊಳ್ಳುತ್ತಿರಲಿಲ್ಲ. ಇದರಿಂದ ಪೇಟೆಯಲ್ಲಿ ಮೋಸ ನಿಂತಿತ್ತು. ಆ ರಾಜ್ಯದವರಿಗೆ ಈ ಪದ್ಧತಿಯ ಬಗ್ಗೆ ಬಹಳ ಹೆಮ್ಮೆ.

ಆ ರಾಜ್ಯಕ್ಕೆ ಒಂದು ರೋಗ ಬಂತು. ಅದು ಹೆಣ್ಣುಗಂಡಿನ ಕೂಟದಿಂದ ಹರಡುತ್ತಿತ್ತು, ರಕ್ತದಿಂದ ಹರಡುತ್ತಿತ್ತು, ತಾಯಿಯಿಂದ ಮಗುವಿಗೂ ಹೋಗುತ್ತಿತ್ತು. ವರ್ಷಗಟ್ಟಲೆ ಹೊರಗೆ ಕಾಣುತ್ತಿರಲಿಲ್ಲ. ವೈದ್ಯನೊಬ್ಬ ಒಂದು ಹನಿ ರಕ್ತ ನೋಡಿ ರೋಗ ಇದೆಯೋ ಇಲ್ಲವೋ ಹೇಳಬಲ್ಲವನಾಗಿದ್ದ. ಅವನಲ್ಲಿ ಔಷಧವೂ ಇತ್ತು. ಅದರಿಂದ ರೋಗ ಪೂರ್ತಿ ಹೋಗುತ್ತಿರಲಿಲ್ಲ. ಆದರೆ ದಿನವೂ ತೆಗೆದುಕೊಂಡರೆ ಮನುಷ್ಯ ಎಲ್ಲರಂತೆ ಬದುಕುತ್ತಿದ್ದ.

ದೊರೆ ಒಳ್ಳೆಯವನು. ಬೇಕಾದಷ್ಟು ಔಷಧ ಮಾಡಿಸಿದ. ಪರೀಕ್ಷೆಗೆಂದು ಒಂದು ಮನೆ ಕಟ್ಟಿಸಿದ. ಸೇರುಗಳಿಗೆ ಮುದ್ರೆ ಒತ್ತಿಸುತ್ತಿದ್ದ ಅಳತೆಯ ಅಧಿಕಾರಿಯನ್ನು ಕರೆದು, ಇದನ್ನೂ ನೀನೇ ನೋಡಿಕೋ ಎಂದ. ಅಧಿಕಾರಿ ತನಗೆ ಗೊತ್ತಿದ್ದುದನ್ನೇ ಮಾಡಿದ. ರೋಗವಿಲ್ಲದವರ ಕೊರಳಿಗೆ ಮುದ್ರೆಯೊತ್ತಿದ ತಾಮ್ರದ ಬಿಲ್ಲೆ ಕಟ್ಟಿಸಿದ. ರೋಗಿಗಳಿಗೆ ಮಾತ್ರ ಯಾವ ಗುರುತೂ ಬೇಡ, ಅವರ ಮನಸ್ಸಿಗೆ ನೋವಾಗುತ್ತದೆ ಎಂದ. ಈ ದಯೆ ದೊರೆಗೆ ಮೆಚ್ಚುಗೆಯಾಯಿತು.

ಮೊದಲ ತಿಂಗಳು ಜನ ಬಂದರು. ಆಮೇಲೆ ಬಿಲ್ಲೆಯಿಲ್ಲದವರಿಗೆ ಕೆಲಸ ಸಿಗುವುದು ನಿಂತಿತು. ಬಾವಿಯ ಹತ್ತಿರ ಅವರ ಕೊಡವನ್ನು ಪಕ್ಕಕ್ಕೆ ಸರಿಸತೊಡಗಿದರು. ಸಂತೆಯಲ್ಲಿ ಕಳ್ಳ ಬಿಲ್ಲೆಗಳು ಬಂದವು. ವರ್ಷ ತುಂಬುವ ಹೊತ್ತಿಗೆ ಎಲ್ಲರ ಕೊರಳಲ್ಲೂ ಬಿಲ್ಲೆ ಇತ್ತು, ಪರೀಕ್ಷೆಯ ಮನೆಯಲ್ಲಿ ಯಾರೂ ಇರಲಿಲ್ಲ. ಸಾಯುವವರು ಸಾಯುತ್ತಲೇ ಇದ್ದರು.

ದೊರೆಗೆ ಇದು ಅರ್ಥವಾಗಲಿಲ್ಲ. ಅರಮನೆಗೆ ಬಳೆ ತೊಡಿಸಲು ಬರುತ್ತಿದ್ದ ಒಬ್ಬ ಬಳೆಗಾರ್ತಿ ಇದ್ದಳು. ಅವಳ ಮಗಳು ಆರು ತಿಂಗಳಿಂದ ಸೊರಗುತ್ತಿರುವ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಅವಳನ್ನೇ ಕರೆಸಿ ಕೇಳಿದ:

“ಔಷಧ ಅಷ್ಟು ಹತ್ತಿರದಲ್ಲಿದೆ. ಮಗಳನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ?”

“ಒಳಗೆ ಹೋಗೋದು ಸುಲಭ, ದೊರೆಯೇ. ಬರಿಗೊರಳಲ್ಲಿ ಹೊರಗೆ ಬಂದರೆ ಅವಳನ್ನು ಮುಟ್ಟಿದ ಈ ಕೈಯಿಂದ ಆಮೇಲೆ ಯಾರು ಬಳೆ ತೊಡಿಸಿಕೊಳ್ತಾರೆ? ಅವಳಿಗೆ ಔಷಧ ಸಿಗ್ತದೆ, ಮನೆಗೆ ಅನ್ನ ಇರೋದಿಲ್ಲ.” ಅವಳು ದೊರೆಯ ಕೊರಳನ್ನು ನೋಡಿದಳು. “ಅಲ್ಲಾ, ತಮ್ಮ ಬಿಲ್ಲೆ ಎಲ್ಲಿ? ಮುತ್ತಿನ ಸರದ ಸಂದಿಯಲ್ಲಿ ಸಿಕ್ಕಿಕೊಂಡಿದೆಯೋ?”

“ನನ್ನನ್ನು ಯಾರೂ ಕೇಳುವುದಿಲ್ಲ.”

“ಅದೇ ನೋಡಿ ಔಷಧ. ಅದನ್ನು ನಮಗೂ ಸ್ವಲ್ಪ ಕೊಡಿ.”

ಮರುದಿನ ಹಾಡಹಗಲಿನಲ್ಲಿ ದೊರೆ ಪರೀಕ್ಷೆಯ ಮನೆಗೆ ನಡೆದುಕೊಂಡು ಹೋದ. ರಕ್ತ ಕೊಟ್ಟ. ವೈದ್ಯ ಬಾಗಿಲು ಹಾಕಿ ಅವನೊಬ್ಬನಿಗೇ ಫಲ ಹೇಳಿದ. ದೊರೆ ಬರಿಗೊರಳಲ್ಲಿ ಹೊರಗೆ ಬಂದು, ಇದ್ದ ಬಿಲ್ಲೆಗಳನ್ನೆಲ್ಲ ಕರಗಿಸಲು ಆಜ್ಞೆ ಮಾಡಿದ. ಈ ಮನೆಯಲ್ಲಿ ತಿಳಿದದ್ದು ತಿಳಿದುಕೊಂಡವನಿಗೆ ಮಾತ್ರ ಸೇರಿದ್ದು, ಕೇಳುವ ಹಕ್ಕು ಇನ್ನಾರಿಗೂ ಇಲ್ಲ ಎಂದು ಸಾರಿಸಿದ.

ಆ ವಾರ ಮೂರು ಜನ ಬಂದರು. ಬಳೆಗಾರ್ತಿ ಮಗಳನ್ನು ಹೊತ್ತು ತಂದಳು. ಮೂರು ತಿಂಗಳಲ್ಲಿ ಸಾಲು ಬೀದಿಯ ತಿರುವು ದಾಟಿತು. ಅಳತೆಯ ಅಧಿಕಾರಿಯ ಅತ್ತೆಯೂ ಒಂದು ದಿನ ಸಾಲಿನಲ್ಲಿ ನಿಂತಿದ್ದಳು. ಅಳಿಯ ನೋಡಿದ, ಏನೂ ಕೇಳಲಿಲ್ಲ.

ಆದರೆ ಜನರ ಬಾಯಿ ಸುಮ್ಮನಿರಲಿಲ್ಲ. ದೊರೆ ಬಿಲ್ಲೆ ಕರಗಿಸಿದ್ದು ಯಾಕೆ? ತನಗೆ ಸಿಗಲಿಲ್ಲ, ಅದಕ್ಕೆ. ಸಭೆಯಲ್ಲಿ ಅವನ ಪಕ್ಕದ ಆಸನಗಳು ಒಂದೊಂದೇ ದೂರ ಸರಿದವು. ಅವನ ಮಗಳ ಮದುವೆ ಗೊತ್ತಾಗಿತ್ತು. ಬೀಗರು ವೀಳ್ಯ ಹಿಂದಕ್ಕೆ ಕಳಿಸಿದರು. ಮಂತ್ರಿ ಬೇಡಿಕೊಂಡ: “ಇದೆ ಅನ್ನಿ, ಇಲ್ಲ ಅನ್ನಿ. ಒಂದು ಮಾತು ಹೇಳಿ ಮುಗಿಸಿಬಿಡಿ, ಪ್ರಭು.”

“ನಾನು ಬಾಯಿ ಬಿಟ್ಟರೆ, ಬಾಯಿ ಬಿಡದವರೆಲ್ಲ ಸಿಕ್ಕಿಬೀಳುತ್ತಾರೆ” ಎಂದ ದೊರೆ.

ಮಗಳು ಬಂದಳು. “ನನ್ನ ಮದುವೆ ಮುರಿದದ್ದು ಈ ಒಂದು ಮಾತಿಗೆ, ಅಪ್ಪಾ. ನನಗಾದರೂ ಹೇಳಬಾರದೇ?”

“ಹೇಳಿದರೆ ನೀನು ನಗುತ್ತೀಯೆ, ಇಲ್ಲವೇ ಅಳುತ್ತೀಯೆ. ಜನ ನಿನ್ನ ಮುಖ ನೋಡಿ ತಿಳಿದುಕೊಳ್ಳುತ್ತಾರೆ ಮಗಳೇ.”

ಕೊನೆಗೆ ಸಭೆ ಸೇರಿ ಗಡುವು ಹಾಕಿತು. ಹುಣ್ಣಿಮೆಯೊಳಗೆ ದೊರೆ ಫಲ ಹೇಳಬೇಕು, ಇಲ್ಲವೇ ಪಟ್ಟದಿಂದ ಇಳಿಯಬೇಕು.

ಗುರುಗಳು ಇಷ್ಟಕ್ಕೆ ನಿಲ್ಲಿಸಿ ತಂಬಿಗೆಯಿಂದ ನೀರು ಕುಡಿದರು.

“ಬಳೆಗಾರ್ತಿಯ ಮಗಳು ಏನಾದಳು, ಅಜ್ಜಾರೆ?”

“ಬದುಕಿದಳು. ತಾಯಿಗೆ ಕಣ್ಣು ಮಂಜಾದ ಮೇಲೆ ಅವಳೇ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು.”

“ಮತ್ತೆ ದೊರೆ?” ಗೌಡ ಮುಂದಕ್ಕೆ ಸರಿದು ಕುಳಿತ. “ಅವನಿಗೆ ನಿಜವಾಗಿ ರೋಗ ಇತ್ತೋ, ಇಲ್ಲವೋ?”

“ಆ ಪ್ರಶ್ನೆಗೆ ಉತ್ತರ ಹೇಳದೆ ಇರುವುದಕ್ಕೇ ಅವನು ರಾಜ್ಯ ಬಿಟ್ಟುಕೊಟ್ಟನಪ್ಪಾ.”